ಹೆಲ್ಸಿಂಕಿಗೆ ಹೊರಟವರಿಗೆ: ವೀಸಾದಿಂದ ವಾಪಸಾತಿವರೆಗೆ ಹಂತ ಹಂತವಾಗಿ

ಫಿನ್‌ಲ್ಯಾಂಡಿನ ರಾಜಧಾನಿಗೆ ಹೊರಡುವ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಯಾವ ತಿಂಗಳು ಒಳ್ಳೆಯದು? ವಿಮಾನ ನಿಲ್ದಾಣದಿಂದ ಊರಿಗೆ ಯಾವ ಟಿಕೆಟ್? ಸಸ್ಯಾಹಾರಿಗಳ ಗತಿ ಏನು? ಆಕಾಶದಲ್ಲಿ ಹಸಿರು ಬೆಳಕು ಅಲ್ಲೇ ಕಾಣುತ್ತದೆಯೇ?

ಕೊನೆಯ ಪ್ರಶ್ನೆಗೆ ಮೊದಲೇ ಉತ್ತರಿಸಿಬಿಡೋಣ: ಅದನ್ನು ನಂಬಿಕೊಂಡು ಹೆಲ್ಸಿಂಕಿಗೆ ಹೋಗಬೇಡಿ. ಊರು ದೇಶದ ದಕ್ಷಿಣದ ತುದಿಯಲ್ಲಿದೆ, ಬೀದಿದೀಪಗಳ ಬೆಳಕೂ ಜಾಸ್ತಿ. ಧ್ರುವಪ್ರಭೆ ಬೇಕಿದ್ದರೆ ದೇಶದ ಉತ್ತರದಲ್ಲಿರುವ ಲ್ಯಾಪ್‌ಲ್ಯಾಂಡಿಗೆ, ಅಂದರೆ ರಾತ್ರಿಯಿಡೀ ರೈಲಿನಲ್ಲಿ ಕೂತು ರೊವಾನಿಯೆಮಿಗೋ ಅದರಾಚೆಗೋ ಹೋಗಬೇಕು. ಅದು ಬೇರೆಯೇ ಪ್ರವಾಸ, ಅದರ ಖರ್ಚೂ ಬೇರೆ.

ಹೆಲ್ಸಿಂಕಿ ಮೂರು ಕಡೆ ಸಮುದ್ರವಿರುವ ಚಿಕ್ಕ ಊರು. 1550ರಲ್ಲಿ ಸ್ವೀಡನ್ನಿನ ದೊರೆ ಗುಸ್ತಾವ್ ವಾಸಾ ಇದನ್ನು ಕಟ್ಟಿಸಿದ. 1812ರಲ್ಲಿ ರಷ್ಯಾದ ಚಕ್ರವರ್ತಿ ಮೊದಲನೇ ಅಲೆಕ್ಸಾಂಡರ್ ತುರ್ಕು ನಗರದಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಫಿನ್‌ಲ್ಯಾಂಡ್ ಸ್ವತಂತ್ರವಾದದ್ದು 1917ರ ಡಿಸೆಂಬರ್ 6ರಂದು. ಮುಖ್ಯ ರೈಲು ನಿಲ್ದಾಣದಿಂದ ಬಂದರಿನ ಚೌಕಕ್ಕೆ ಕಾಲ್ನಡಿಗೆಯಲ್ಲಿ ಹದಿನೈದು ನಿಮಿಷ ಸಾಕು. ಮೂರು ಪೂರ್ತಿ ದಿನ ಇಟ್ಟುಕೊಂಡರೆ ಅವಸರವಿಲ್ಲದೆ ನೋಡಬಹುದು. ಇಲ್ಲಿ ದಾರಿ ತಪ್ಪುವುದು ಕಷ್ಟ. ದುಡ್ಡು ಮತ್ತು ಹೊತ್ತು ಹಾಳಾಗುವುದು ಸಣ್ಣ ಸಣ್ಣ ನಿಯಮ ಗೊತ್ತಿಲ್ಲದೆ, ಹಾಗಾಗಿ ಈ ಲೇಖನದಲ್ಲಿ ಅವಕ್ಕೇ ಹೆಚ್ಚು ಜಾಗ.

1. ತಿಂಗಳು ಗೊತ್ತುಮಾಡಿ

ಬೇರೆ ಊರುಗಳಲ್ಲಿ ಮಳೆ ನೋಡಿ ತಿಂಗಳು ಆರಿಸುತ್ತೇವೆ. ಇಲ್ಲಿ ಬೆಳಕು ನೋಡಿ ಆರಿಸಬೇಕು. ಜೂನ್ ಕೊನೆಯಲ್ಲಿ ಸೂರ್ಯ ಬೆಳಗಿನ ನಾಲ್ಕಕ್ಕೆ ಹುಟ್ಟಿ ರಾತ್ರಿ ಹತ್ತೂಮುಕ್ಕಾಲರ ಮೇಲೆ ಮುಳುಗುತ್ತಾನೆ. ಆಮೇಲೂ ಪೂರ್ತಿ ಕತ್ತಲಾಗುವುದಿಲ್ಲ. ಡಿಸೆಂಬರಿನಲ್ಲಿ ಒಂಬತ್ತೂವರೆಗೆ ಬೆಳಕಾಗಿ ಮೂರೂಕಾಲಿಗೆ ಸೂರ್ಯಾಸ್ತ. ಹಗಲು ಆರು ಗಂಟೆಯೂ ಇಲ್ಲ.

ಮೊದಲ ಸಲ ಹೋಗುವವರಿಗೆ ಮೇ ಕೊನೆಯಿಂದ ಆಗಸ್ಟ್ ಕೊನೆಯವರೆಗಿನ ಅವಧಿಯೇ ಸರಿ. ದ್ವೀಪಗಳಿಗೆ ದೋಣಿಗಳು ಓಡುತ್ತವೆ, ಬಯಲು ವಸ್ತುಸಂಗ್ರಹಾಲಯಗಳು ತೆರೆದಿರುತ್ತವೆ. ಆದರೆ ಒಂದು ವಾರಾಂತ್ಯದ ಬಗ್ಗೆ ಎಚ್ಚರವಿರಲಿ. ಜೂನ್ 20ರಿಂದ 26ರೊಳಗೆ ಬರುವ ಶನಿವಾರ ಅಲ್ಲಿನ ನಡುಬೇಸಿಗೆಯ ಹಬ್ಬ, ಹೆಸರು ಯುಹಾನ್ನುಸ್. ಹಿಂದಿನ ದಿನವೇ ಊರಿನವರೆಲ್ಲ ಕೆರೆಬದಿಯ ಮನೆಗಳಿಗೆ ಹೊರಟುಬಿಡುತ್ತಾರೆ. ಅಂಗಡಿ, ಹೋಟೆಲು, ಮ್ಯೂಸಿಯಂ ಬಹುಪಾಲು ಮುಚ್ಚಿರುತ್ತವೆ. ಹಬ್ಬ ನೋಡೋಣವೆಂದು ಹೋದವರಿಗೆ ಸಿಗುವುದು ಖಾಲಿ ಬೀದಿ.

ನವೆಂಬರ್ ಬಿಟ್ಟುಬಿಡಿ. ಹಿಮ ಇನ್ನೂ ನಿಂತಿರುವುದಿಲ್ಲ, ಬೆಳಕು ಆಗಲೇ ಹೋಗಿರುತ್ತದೆ, ಜೊತೆಗೆ ಅಡ್ಡಗಾಳಿಯ ಮಳೆ. ಹಿಮವೇ ಬೇಕೆಂದರೆ ಫೆಬ್ರವರಿ ಆರಿಸಿ. ಚಳಿ ಹೆಚ್ಚು, ಆದರೆ ಹಗಲು ಉದ್ದವಾಗಿರುತ್ತದೆ.

2. ವೀಸಾ

ಬೇಕಾದದ್ದು ಷೆಂಗೆನ್ ವೀಸಾ. ಯುರೋಪಿನ ಹಲವು ದೇಶಗಳು ಸೇರಿ ಕೊಡುವ ಒಂದೇ ಪ್ರವೇಶಪತ್ರ ಇದು. ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ಅರ್ಜಿ ಭರ್ತಿ ಆನ್‌ಲೈನಿನಲ್ಲಿ, ಕಾಗದಪತ್ರ ಮತ್ತು ಬೆರಳಚ್ಚು ಕೊಡುವುದು ವಿಎಫ್‌ಎಸ್ ಕೇಂದ್ರದಲ್ಲಿ. ಬೆಂಗಳೂರಿನಲ್ಲೇ ಕೇಂದ್ರವಿದೆ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಹೊರಡಲು ಹದಿನೈದು ದಿನಕ್ಕಿಂತ ಕಡಿಮೆ ಉಳಿಯುವಷ್ಟು ತಡ ಮಾಡುವಂತಿಲ್ಲ. ಬೇಸಿಗೆಗೆ ಹೋಗುವವರು ಮೂರು ತಿಂಗಳ ಮುಂಚೆಯೇ ಅಪಾಯಿಂಟ್‌ಮೆಂಟ್ ಹುಡುಕುವುದು ಕ್ಷೇಮ.

ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, 6ರಿಂದ 11 ವರ್ಷದವರಿಗೆ 45. ಅದಕ್ಕಿಂತ ಚಿಕ್ಕವರಿಗೆ ಶುಲ್ಕವಿಲ್ಲ. ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರವಾಸ ವಿಮೆಯ ಮೊತ್ತ ಕನಿಷ್ಠ 30,000 ಯೂರೋ ಇರಬೇಕು. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ನೀವು ಯುರೋಪ್ ಬಿಟ್ಟು ಹೊರಟ ಮೇಲೂ ಮೂರು ತಿಂಗಳು ಊರ್ಜಿತವಿರಬೇಕು, ಎರಡು ಖಾಲಿ ಪುಟ ಉಳಿದಿರಬೇಕು.

ಅರ್ಜಿ ಸಿಕ್ಕಿಬೀಳುವ ಜಾಗಗಳು ಇವು:

- ಫೋಟೋ ಅಳತೆ. ಫಿನ್‌ಲ್ಯಾಂಡ್ ಕೇಳುವುದು 36 ಮಿ.ಮೀ. ಅಗಲ, 47 ಮಿ.ಮೀ. ಎತ್ತರ. ಸ್ಟುಡಿಯೋದಲ್ಲಿ “ಷೆಂಗೆನ್ ಫೋಟೋ” ಎಂದರೆ 35-45 ತೆಗೆದುಕೊಡುತ್ತಾರೆ. ಅಳತೆಯನ್ನು ಬರೆದುಕೊಂಡು ಹೋಗಿ.
- ಮುಖ್ಯ ದೇಶದ ನಿಯಮ. ಹೆಚ್ಚು ರಾತ್ರಿ ಎಲ್ಲಿ ತಂಗುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ರಾತ್ರಿಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಅಪಾಯಿಂಟ್‌ಮೆಂಟ್ ಬೇಗ ಸಿಕ್ಕಿತೆಂದು ಫಿನ್‌ಲ್ಯಾಂಡಿಗೆ ಅರ್ಜಿ ಹಾಕಿ ಎರಡೇ ರಾತ್ರಿಯ ಹೋಟೆಲ್ ತೋರಿಸಿದರೆ ತಿರಸ್ಕಾರ ಖಚಿತ ಎಂದುಕೊಳ್ಳಿ.
- ಅರ್ಜಿಯ ಹಿಂದಿನ ವಾರ ಖಾತೆಗೆ ಬಂದು ಬಿದ್ದ ದೊಡ್ಡ ಮೊತ್ತ. ಅದು ಎಲ್ಲಿಂದ ಬಂತು ಎಂಬುದಕ್ಕೆ ಒಂದು ಸಾಲಿನ ವಿವರಣೆ ಮತ್ತು ದಾಖಲೆ ಜೊತೆಗಿಡಿ.

ಮಗ ಅಥವಾ ಮಗಳು ಅಲ್ಲಿ ಕೆಲಸದಲ್ಲಿದ್ದು ನೀವು ಅವರ ಮನೆಯಲ್ಲೇ ಇಳಿಯುವುದಾದರೆ ಹೋಟೆಲ್ ಬುಕಿಂಗ್ ಬದಲು ಅವರ ಆಹ್ವಾನ ಪತ್ರ, ನಿವಾಸ ಪರವಾನಗಿಯ ಪ್ರತಿ, ಮನೆ ವಿಳಾಸ ಬೇಕು.

ಬೆಂಗಳೂರಿನಿಂದ ಹೆಲ್ಸಿಂಕಿಗೆ ನೇರ ವಿಮಾನವಿಲ್ಲ. ಕೊಲ್ಲಿ ದೇಶದ ಮೂಲಕ ಹೋದರೆ ಪಾಸ್‌ಪೋರ್ಟ್ ತಪಾಸಣೆ ಹೆಲ್ಸಿಂಕಿಯಲ್ಲೇ ಆಗುತ್ತದೆ. ಫ್ರಾಂಕ್‌ಫರ್ಟ್‌ನಂಥ ಊರಲ್ಲಿ ವಿಮಾನ ಬದಲಿಸಿದರೆ ಅಲ್ಲೇ ಆಗಿಬಿಡುತ್ತದೆ. ಯುರೋಪಿನ ಹೊಸ ಗಡಿ ವ್ಯವಸ್ಥೆಯಲ್ಲಿ ಮೊದಲ ಪ್ರವೇಶಕ್ಕೆ ಮುಖದ ಚಿತ್ರ ತೆಗೆದು ವಿವರ ದಾಖಲಿಸುತ್ತಾರೆ, ಸಾಲು ನಿಧಾನ. ಅಲ್ಲಿ ಒಂದೇ ಗಂಟೆಯ ಅಂತರವಿರುವ ಸಂಪರ್ಕ ವಿಮಾನ ತೆಗೆದುಕೊಳ್ಳಬೇಡಿ.

3. ಹಣ, ಕಾರ್ಡು, ಫೋನು

ಚಲಾವಣೆ ಯೂರೋ. ನೋಟು ತೀರ ಕಡಿಮೆ ಸಾಕು, ನೂರು ಯೂರೋ ಒಯ್ದರೆ ಅದೇ ವಾಪಸ್ ಬರಬಹುದು. ಕಾಫಿಯಿಂದ ಹಿಡಿದು ಸಂತೆಯ ಹಣ್ಣಿನವರೆಗೆ ಕಾರ್ಡ್ ನಡೆಯುತ್ತದೆ. ನಗದು ಕೊಟ್ಟರೆ ಒಟ್ಟು ಮೊತ್ತವನ್ನು ಹತ್ತಿರದ ಐದು ಸೆಂಟಿಗೆ ಸರಿಹೊಂದಿಸುತ್ತಾರೆ, ಏಕೆಂದರೆ ಒಂದು ಮತ್ತು ಎರಡು ಸೆಂಟಿನ ನಾಣ್ಯ ಅಲ್ಲಿ ಬಳಕೆಯಲ್ಲಿಲ್ಲ.

ಹೊರಡುವ ಮುಂಚೆ ಮಾಡಬೇಕಾದ್ದು ಎರಡು. ಒಂದು, ಬ್ಯಾಂಕ್ ಆಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ನೀವೇ ಚಾಲೂ ಮಾಡಿ. ನಮ್ಮ ಕಾರ್ಡ್‌ಗಳಲ್ಲಿ ಅದು ಮುಚ್ಚಿಯೇ ಬರುತ್ತದೆ. ಅಂಗಡಿ, ಆನ್‌ಲೈನ್, ತಾಗಿಸಿ ಪಾವತಿ, ಈ ಮೂರನ್ನೂ ಬೇರೆಬೇರೆ ತೆರೆಯಬೇಕಾಗುತ್ತದೆ. ಎರಡು, ಊರಿನ ಸಿಮ್ಮನ್ನು ಫೋನಿನಲ್ಲೇ ಬಿಟ್ಟು ರೋಮಿಂಗ್‌ನಲ್ಲಿ ಎಸ್ಸೆಮ್ಮೆಸ್ ಬರುವಂತೆ ನೋಡಿಕೊಳ್ಳಿ. ಟಿಕೆಟ್ ಆಪ್‌ಗೆ ಕಾರ್ಡ್ ಸೇರಿಸುವಾಗ ಓಟಿಪಿ ಬರುವುದು ಆ ನಂಬರಿಗೇ. ಎಷ್ಟೋ ಜನ ಡೇಟಾಕ್ಕೆಂದು ಇ-ಸಿಮ್ ಹಾಕಿ ಹಳೆಯ ಸಿಮ್ ಆಫ್ ಮಾಡಿಬಿಡುತ್ತಾರೆ, ಆಮೇಲೆ ರೈಲು ನಿಲ್ದಾಣದಲ್ಲಿ ಓಟಿಪಿ ಕಾಯುತ್ತ ನಿಲ್ಲುತ್ತಾರೆ.

ಕಾರ್ಡ್ ಯಂತ್ರ “ರೂಪಾಯಿಯಲ್ಲೋ ಯೂರೋದಲ್ಲೋ” ಎಂದು ಕೇಳಿದರೆ ಯಾವಾಗಲೂ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಆ ಯಂತ್ರದವರು ಹೇಳಿದ್ದೇ ದರ. ತಾಗಿಸಿ ಪಾವತಿಗೆ 50 ಯೂರೋ ಮಿತಿ, ಅದರ ಮೇಲೆ ಪಿನ್ ಬೇಕು. ಟಿಪ್ಸ್ ಕೊಡುವ ರೂಢಿ ಇಲ್ಲ, ಕೊಡದಿದ್ದರೆ ಯಾರೂ ಮುಖ ಗಂಟಿಕ್ಕುವುದಿಲ್ಲ.

ವಿದ್ಯುತ್ ನಮ್ಮಂತೆಯೇ 230 ವೋಲ್ಟ್. ಎರಡು ತೆಳು ಕಡ್ಡಿಯ ಚಾರ್ಜರ್ ಹಾಗೇ ಹೊಂದುತ್ತದೆ, ಮೂರು ಪಿನ್ನಿನ ಪ್ಲಗ್ಗಿಗೆ ಅಡಾಪ್ಟರ್ ಬೇಕು. ಅಲ್ಲಿನ ಗಡಿಯಾರ ಬೇಸಿಗೆಯಲ್ಲಿ ನಮಗಿಂತ ಎರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಮೂರೂವರೆ.

4. ವಿಮಾನ ನಿಲ್ದಾಣದಿಂದ ಊರಿಗೆ

ಅತಿ ಹೆಚ್ಚು ಜನ ದಂಡ ಕಟ್ಟುವುದು ಈ ಹಂತದಲ್ಲಿ. ವಿಮಾನ ನಿಲ್ದಾಣ ಇರುವುದು ಹೆಲ್ಸಿಂಕಿಯಲ್ಲಲ್ಲ, ಪಕ್ಕದ ವಾಂಟಾ ನಗರದಲ್ಲಿ. ಇಡೀ ಪ್ರದೇಶದ ಬಸ್ಸು, ಟ್ರಾಮ್, ಮೆಟ್ರೋ, ಲೋಕಲ್ ರೈಲು, ಸುವೊಮೆನ್‌ಲಿನ್ನಾ ಕೋಟೆಯ ದೋಣಿ ಎಲ್ಲವನ್ನೂ ಎಚ್‌ಎಸ್‌ಎಲ್ ಎಂಬ ಒಂದೇ ಸಂಸ್ಥೆ ನೋಡಿಕೊಳ್ಳುತ್ತದೆ. ಅದು ಊರನ್ನು ಎ, ಬಿ, ಸಿ, ಡಿ ಎಂದು ನಾಲ್ಕು ವಲಯಗಳಾಗಿ ಮಾಡಿದೆ. ಊರಿನ ನಡುಭಾಗ ಎ, ಅದರ ಸುತ್ತ ಬಿ. ವಿಮಾನ ನಿಲ್ದಾಣ ಸಿ. ಆದ್ದರಿಂದ ನಿಮಗೆ ಬೇಕಾದದ್ದು ಎಬಿಸಿ ಟಿಕೆಟ್. ಎಬಿ ಕೊಂಡು ಹತ್ತಿದರೆ ಟಿಕೆಟ್ ಇಲ್ಲದಂತೆಯೇ ಲೆಕ್ಕ. ದಂಡ 80 ಯೂರೋಗೂ ಮೇಲೆ. ಪ್ರವಾಸಿ ಎಂದು ಬಿಡುವುದಿಲ್ಲ.

ಕ್ರಮ ಹೀಗೆ:

ಮೊದಲು, ಸಾಮಾನು ಬರುವ ಬೆಲ್ಟ್ ಹತ್ತಿರವೇ ನಿಂತು ನಿಲ್ದಾಣದ ಉಚಿತ ವೈಫೈ ಹಿಡಿದು ಎಚ್‌ಎಸ್‌ಎಲ್ ಆಪ್ ತೆರೆಯಿರಿ. ಊರಿನಲ್ಲೇ ಅದನ್ನು ಇಳಿಸಿಕೊಂಡು ಕಾರ್ಡ್ ಸೇರಿಸಿಟ್ಟಿದ್ದರೆ ಇನ್ನೂ ಒಳ್ಳೆಯದು. ಟಿಕೆಟನ್ನು ಮಾತ್ರ ಆಗಲೇ ಕೊಳ್ಳಬೇಡಿ, ಕೊಂಡ ಗಳಿಗೆಯಿಂದ ಗಡಿಯಾರ ಓಡುತ್ತದೆ. ಬಿಡಿ ಎಬಿಸಿ ಟಿಕೆಟಿನ ಅವಧಿ 90 ನಿಮಿಷ, ಎಬಿ ಟಿಕೆಟಿನದು 80 ನಿಮಿಷ. ಆ ಅವಧಿಯೊಳಗೆ ಎಷ್ಟು ವಾಹನ ಬೇಕಾದರೂ ಬದಲಿಸಬಹುದು.

ಆಮೇಲೆ, ರೈಲಿನ ಗುರುತು ಹಿಡಿದು ಕೆಳಗಿಳಿಯಿರಿ. ನಿಲ್ದಾಣ ನೆಲದಡಿ ತುಂಬ ಆಳದಲ್ಲಿದೆ. ದೊಡ್ಡ ಸೂಟ್‌ಕೇಸ್ ಇದ್ದರೆ ಉದ್ದದ ಎಸ್ಕಲೇಟರ್ ಬಿಟ್ಟು ಲಿಫ್ಟ್ ಹಿಡಿಯಿರಿ.

ಪ್ಲಾಟ್‌ಫಾರ್ಮಿಗೆ ಕಾಲಿಡುವ ಮುಂಚೆ ಎಬಿಸಿ ಟಿಕೆಟ್ ಕೊಳ್ಳಿ. ಆಪ್ ಬೇಡವೆಂದರೆ ಟಿಕೆಟ್ ಯಂತ್ರವಿದೆ. ರೈಲಿನೊಳಗೆ ಟಿಕೆಟ್ ಕೊಡುವವರು ಯಾರೂ ಇರುವುದಿಲ್ಲ, ಗೇಟೂ ಇಲ್ಲ. ಗೇಟಿಲ್ಲವೆಂದರೆ ತಪಾಸಣೆಯೂ ಇಲ್ಲ ಎಂದು ತಿಳಿಯಬೇಡಿ, ಪರೀಕ್ಷಕರು ಯಾವಾಗ ಹತ್ತುತ್ತಾರೋ ಗೊತ್ತಾಗುವುದಿಲ್ಲ.

ಐ ಮತ್ತು ಪಿ ಎಂಬ ಎರಡು ರೈಲುಗಳಿವೆ. ಒಂದೇ ವರ್ತುಲವನ್ನು ಎದುರುಬದುರು ದಿಕ್ಕಿನಲ್ಲಿ ಸುತ್ತುತ್ತವೆ, ಎರಡೂ ಮುಖ್ಯ ನಿಲ್ದಾಣ ಸೇರುತ್ತವೆ, ಎರಡಕ್ಕೂ ಸುಮಾರು ಅರ್ಧ ಗಂಟೆ. ಯಾವುದು ಮೊದಲು ಬಂತೋ ಅದನ್ನು ಹತ್ತಿ. ಬಾಗಿಲು ತಾನಾಗಿ ತೆರೆಯದಿದ್ದರೆ ಅದರ ಮೇಲಿನ ಗುಂಡಿ ಒತ್ತಬೇಕು. ನಡುರಾತ್ರಿ ರೈಲು ನಿಂತಾಗ 600ನೇ ಬಸ್ಸು ಮುಖ್ಯ ನಿಲ್ದಾಣದ ಚೌಕಕ್ಕೆ ಬಿಡುತ್ತದೆ.

ಫೋನಿನ ಬ್ಯಾಟರಿ ಸತ್ತರೆ ಟಿಕೆಟ್ಟೂ ಸತ್ತಂತೆ. ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ.

5. ಊರೊಳಗೆ ಓಡಾಟ

ಎಬಿ ವಲಯದ ದಿನದ ಟಿಕೆಟ್ ತೆಗೆದುಕೊಂಡುಬಿಡಿ. ಒಂದು ದಿನದಿಂದ ಹದಿಮೂರು ದಿನದವರೆಗೆ ಸಿಗುತ್ತದೆ, ದಿನ ಹೆಚ್ಚಿದಷ್ಟೂ ದಿನವೊಂದಕ್ಕೆ ಬೀಳುವ ದರ ಇಳಿಯುತ್ತದೆ. ದಿನಕ್ಕೆ ಮೂರು ಬಾರಿಗಿಂತ ಹೆಚ್ಚು ಹತ್ತಿ ಇಳಿಯುವವರಿಗೆ ಇದೇ ಲಾಭ. ಏಳು ವರ್ಷದೊಳಗಿನ ಮಕ್ಕಳಿಗೆ ಉಚಿತ. ಕಾರ್ಡ್ ತಾಗಿಸಿ ಟಿಕೆಟ್ ಪಡೆಯುವ ಯಂತ್ರಗಳೂ ಬಂದಿವೆ. ಆದರೆ ಪ್ರತಿಯೊಂದು ವಾಹನದಲ್ಲೂ ಇದ್ದೇ ಇರುತ್ತದೆಂದು ನಂಬಿ ಹತ್ತಬೇಡಿ.

ನಂಟರು ಎಸ್ಪೊ ನಗರದಲ್ಲಿದ್ದರೆ ಅವರ ಬಡಾವಣೆ ಯಾವ ವಲಯ ಎಂದು ಕೇಳಿಕೊಳ್ಳಿ. ಲೆಪ್ಪಾವಾರಾ, ಟಾಪಿಯೋಲಾ, ಮಾಟಿನ್‌ಕ್ಯೂಲಾ ಇವೆಲ್ಲ ಬಿ. ಮೆಟ್ರೋದ ಪಶ್ಚಿಮದ ಕೊನೆಯ ನಿಲ್ದಾಣ ಕಿವೆನ್‌ಲಹ್ತಿ ಸಿ. ನಾಲ್ಕಾರು ನಿಲ್ದಾಣದ ಅಂತರದಲ್ಲಿ ಟಿಕೆಟ್ ಬದಲಾಗುತ್ತದೆ.

ಎಲ್ಲ ಫಲಕಗಳಲ್ಲೂ ಎರಡು ಹೆಸರು ಇರುತ್ತವೆ, ಒಂದು ಫಿನ್ನಿಶ್, ಇನ್ನೊಂದು ಸ್ವೀಡಿಷ್. ಎರಡೂ ಅಧಿಕೃತ. ಹೆಲ್ಸಿಂಗ್‌ಫೋರ್ಸ್ ಎಂದು ಕಂಡರೆ ಅದು ಹೆಲ್ಸಿಂಕಿಯೇ, ಸ್ವೆಯಾಬೊರಿ ಎಂದರೆ ಸುವೊಮೆನ್‌ಲಿನ್ನಾ. ಅಂಗಡಿ ಬಾಗಿಲಿನ ವೇಳಾಪಟ್ಟಿಯಲ್ಲಿ ಮಾ, ತಿ, ಕೆ, ತೊ, ಪೆ, ಲಾ, ಸು ಎಂದರೆ ಸೋಮವಾರದಿಂದ ಭಾನುವಾರ. ಲಿಫ್ಟಿನಲ್ಲಿ ಒಂದನೇ ಮಹಡಿ ಎಂದರೆ ನೆಲಮಹಡಿ.

ಬೀದಿಯಲ್ಲಿ ನಡೆಯುವಾಗ ಸೈಕಲ್ ಪಟ್ಟಿಗೆ ಕಾಲಿಡಬೇಡಿ. ಪಾದಚಾರಿ ಹಾದಿಯ ಪಕ್ಕದಲ್ಲೇ ಬರೀ ಒಂದು ಗೆರೆಯ ಆಚೆ ಅದು ಇರುತ್ತದೆ, ಸೈಕಲ್ಲುಗಳು ವೇಗ ತಗ್ಗಿಸದೆ ಬರುತ್ತವೆ. ಬಸ್ಸಿಗೆ ಕೈ ತೋರಿಸಬೇಕು, ಸುಮ್ಮನೆ ನಿಂತಿದ್ದರೆ ಹೋಗಿಬಿಡುತ್ತದೆ.

6. ಮೊದಲ ದಿನ: ನಡಿಗೆ

ಮುಖ್ಯ ರೈಲು ನಿಲ್ದಾಣದಿಂದಲೇ ಶುರುಮಾಡಿ. ದೀಪದ ಗೋಳ ಹಿಡಿದು ನಿಂತ ಕಲ್ಲಿನ ದೈತ್ಯರಿರುವ ಈ ಕಟ್ಟಡ ವಾಸ್ತುಶಿಲ್ಪಿ ಏಲಿಯೆಲ್ ಸಾರಿನೆನ್ ಅವರದು, ಬಳಕೆಗೆ ತೆರೆದದ್ದು 1919ರಲ್ಲಿ. ಅಲ್ಲಿಂದ ಐದು ನಿಮಿಷ ನಡೆದರೆ ‘ಓಡಿ’ ಎಂಬ ಹೆಸರಿನ ಗ್ರಂಥಾಲಯ. 2018ರ ಡಿಸೆಂಬರಿನಲ್ಲಿ ತೆರೆದ ಇದಕ್ಕೆ ಪ್ರವೇಶ ಶುಲ್ಕವಿಲ್ಲ. ಮೇಲ್ಮಹಡಿಯಲ್ಲಿ ಪುಸ್ತಕಗಳು, ನಡುವೆ ಹೊಲಿಗೆ ಯಂತ್ರ ಮತ್ತು ತ್ರೀಡಿ ಪ್ರಿಂಟರ್, ಕೆಳಗೆ ಕೆಫೆ. ಶುಚಿಯಾದ ಉಚಿತ ಶೌಚಾಲಯವೂ ಇದೆ, ಊರಿನ ನಟ್ಟನಡುವೆ ಇದು ನೆನಪಿಡಬೇಕಾದ ವಿಷಯ. ಶೌಚಾಲಯದ ಮಾತು ಬಂದಾಗ ಇನ್ನೊಂದು ಸಮಾಧಾನ: ಫಿನ್‌ಲ್ಯಾಂಡಿನಲ್ಲಿ ಕಮೋಡಿನ ಪಕ್ಕ ಕೈಶವರ್ ಇರುವುದು ಸಾಮಾನ್ಯ.

ಪಶ್ಚಿಮಕ್ಕೆ ಹದಿನೈದು ನಿಮಿಷ ನಡೆದರೆ ಬಂಡೆ ಕೊರೆದು ಮಾಡಿದ ಟೆಂಪ್ಪೆಲಿಯಾವ್ಕಿಯೊ ಚರ್ಚು. 1969ರಲ್ಲಿ ಮುಗಿದದ್ದು, ಸುವೊಮಲೈನೆನ್ ಸೋದರರ ವಿನ್ಯಾಸ. ಟಿಕೆಟ್ ಇದೆ. ಪ್ರಾರ್ಥನೆ, ಮದುವೆ ಇದ್ದಾಗ ಪ್ರವಾಸಿಗಳನ್ನು ಬಿಡುವುದಿಲ್ಲ, ಆವತ್ತಿನ ವೇಳೆಯನ್ನು ಅವರ ತಾಣದಲ್ಲಿ ನೋಡಿಯೇ ಹೋಗಿ.

ಮತ್ತೆ ಪೂರ್ವಕ್ಕೆ ಬಂದು ಎಸ್ಪ್ಲನಾಡಿ ಉದ್ಯಾನದ ಉದ್ದಕ್ಕೂ ನಡೆದು ಸೆನೆಟ್ ಚೌಕ ಸೇರಿ. ಬಿಳಿಯ ಕೆಥೆಡ್ರಲ್ 1852ರದ್ದು. ಅದನ್ನೂ ಚೌಕದ ಸುತ್ತಲಿನ ಹಳದಿ ಕಟ್ಟಡಗಳನ್ನೂ ರೂಪಿಸಿದವರು ಕಾರ್ಲ್ ಲುಡ್ವಿಗ್ ಎಂಗೆಲ್. ದಿಬ್ಬದ ಮೇಲಿನ ಕೆಂಪು ಇಟ್ಟಿಗೆಯ ಉಸ್ಪೆನ್‌ಸ್ಕಿ 1868ರ ಆರ್ಥೊಡಾಕ್ಸ್ ಚರ್ಚು. ಹೊರಗಿನಿಂದ ನೋಡುವುದಕ್ಕೆ ಕೆಥೆಡ್ರಲ್ ಚೆಂದ, ಒಳಗೆ ಹೋಗುವುದಕ್ಕೆ ಉಸ್ಪೆನ್‌ಸ್ಕಿ.

ದಿನದ ಕೊನೆಗೆ ಬಂದರಿನ ಸಂತೆ ಚೌಕ, ಕೌಪ್ಪಟೋರಿ. ಜುಲೈ, ಆಗಸ್ಟಿನಲ್ಲಿ ಬಟಾಣಿಕಾಯಿಯನ್ನು ಲೀಟರ್ ಲೆಕ್ಕದಲ್ಲಿ ಮಾರುತ್ತಾರೆ, ಜನ ಬೀದಿಯಲ್ಲೇ ಸುಲಿದು ತಿನ್ನುತ್ತಾರೆ. ಸಮುದ್ರಹಕ್ಕಿಗಳ ಬಗ್ಗೆ ಎಚ್ಚರ. ಹಿಂದಿನಿಂದ ಬಂದು ಕೈಯಲ್ಲಿನ ಐಸ್‌ಕ್ರೀಮ್ ಎಗರಿಸುತ್ತವೆ. ಡೇರೆಯ ಕೆಳಗೆ ನಿಂತು ತಿನ್ನಿ.

ಸೋಮವಾರ ಮ್ಯೂಸಿಯಂಗಳಿಗೆಂದು ಇಟ್ಟುಕೊಳ್ಳಬೇಡಿ. ಅತೆನೆಯುಮ್, ಕಿಯಾಸ್ಮಾ ಎರಡಕ್ಕೂ ಅಂದು ರಜೆ. ಹೆಲ್ಸಿಂಕಿ ಕಾರ್ಡ್ ಎಂಬ ಪ್ರವಾಸಿ ಪಾಸು ದಿನಕ್ಕೆ ಎರಡು ಮೂರು ಟಿಕೆಟ್ ಜಾಗ ನೋಡುವವರಿಗೆ ಮಾತ್ರ ಗಿಟ್ಟುತ್ತದೆ. ಇಲ್ಲಿನ ಒಳ್ಳೆಯ ಜಾಗಗಳಲ್ಲಿ ಅರ್ಧಕ್ಕರ್ಧ ಬಿಟ್ಟಿ.

7. ಎರಡನೇ ದಿನ: ಸುವೊಮೆನ್‌ಲಿನ್ನಾ

ಹೆಲ್ಸಿಂಕಿಯಲ್ಲಿ ಒಂದನ್ನೇ ನೋಡುವುದಾದರೆ ಇದನ್ನು ನೋಡಿ. ರಷ್ಯಾದ ಭಯಕ್ಕೆ ಸ್ವೀಡನ್ 1748ರಲ್ಲಿ ಕಟ್ಟಲು ಶುರುಮಾಡಿದ ದ್ವೀಪದುರ್ಗ. 1808ರಲ್ಲಿ ಅದೇ ರಷ್ಯಾಕ್ಕೆ ಶರಣಾಯಿತು. 1991ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಕೋಟೆಯೊಳಗೆ ಈಗಲೂ ಜನ ಸಂಸಾರ ಹೂಡಿದ್ದಾರೆ, ಆದ್ದರಿಂದ ಅಂಗಳಗಳಲ್ಲಿ “ಖಾಸಗಿ” ಫಲಕ ಕಂಡರೆ ಒಳನುಗ್ಗಬೇಡಿ. ದ್ವೀಪಕ್ಕೆ ಪ್ರವೇಶ ಶುಲ್ಕವಿಲ್ಲ, ಒಳಗಿನ ಮ್ಯೂಸಿಯಂಗಳಿಗೆ ಬೇರೆ ಬೇರೆ ಟಿಕೆಟ್.

ದೋಣಿ ಹೊರಡುವುದು ಕೌಪ್ಪಟೋರಿಯ ಪೂರ್ವದ ಬದಿಯಿಂದ, ಅಧ್ಯಕ್ಷರ ಭವನದ ಎದುರಿಂದ. ಹದಿನೈದು ನಿಮಿಷದ ಪಯಣ, ವರ್ಷವಿಡೀ ಓಡುತ್ತದೆ, ಚಳಿಗಾಲದಲ್ಲಿ ಮಂಜುಗಡ್ಡೆ ಸೀಳಿಕೊಂಡೇ ಹೋಗುತ್ತದೆ. ನಿಮ್ಮ ಎಬಿ ಟಿಕೆಟ್ ಇದಕ್ಕೂ ನಡೆಯುತ್ತದೆ. ಬೇಸಿಗೆಯಲ್ಲಿ ಅದೇ ಚೌಕದಿಂದ ಖಾಸಗಿ ದೋಣಿಗಳೂ ಹೊರಡುತ್ತವೆ. ಅವುಗಳಲ್ಲಿ ಎಚ್‌ಎಸ್‌ಎಲ್ ಟಿಕೆಟ್ ನಡೆಯದು. ಎಚ್‌ಎಸ್‌ಎಲ್ ಹೆಸರಿರುವ ದೋಣಿಗಟ್ಟೆ ನೋಡಿಕೊಂಡು ನಿಲ್ಲಿ.

ಇಳಿದ ಮೇಲೆ ನೀಲಿ ಫಲಕದ ದಾರಿ ಹಿಡಿಯಿರಿ. ಸುಮಾರು ಒಂದೂವರೆ ಕಿಲೋಮೀಟರ್ ಉದ್ದಕ್ಕೆ ಚರ್ಚು, ಕೋಟೆಯ ರೂವಾರಿ ಔಗುಸ್ಟಿನ್ ಎರೆನ್‌ಸ್ವಾರ್ಡ್ ಅವರ ಸಮಾಧಿ, ಹಡಗುಕಟ್ಟೆ ದಾಟಿ ದಕ್ಷಿಣದ ತುದಿಯ ರಾಜದ್ವಾರಕ್ಕೆ ಒಯ್ಯುತ್ತದೆ. ಸುಮ್ಮನೆ ನಡೆದರೆ ಅರ್ಧ ಗಂಟೆ. ಸುರಂಗ, ಬುರುಜು, ಹಳೆಯ ಫಿರಂಗಿ ನೋಡುತ್ತ ಹೋದರೆ ಮೂರರಿಂದ ನಾಲ್ಕು ಗಂಟೆ ಬೇಕು. ಮೂವತ್ತರ ದಶಕದ ವೆಸಿಕ್ಕೊ ಎಂಬ ಸಬ್‌ಮರೀನ್ ಬೇಸಿಗೆಯಲ್ಲಿ ಒಳಹೊಕ್ಕು ನೋಡಲು ತೆರೆದಿರುತ್ತದೆ. ಮಕ್ಕಳಿದ್ದರೆ ಅದನ್ನು ತಪ್ಪಿಸಬೇಡಿ, ಎತ್ತರದವರು ತಲೆ ನೋಡಿಕೊಳ್ಳಿ.

ಒಯ್ಯಬೇಕಾದ್ದು: ಟಾರ್ಚು (ಸುರಂಗಗಳಲ್ಲಿ ದೀಪವಿಲ್ಲ, ನೆಲ ಉಬ್ಬುತಗ್ಗು), ಗಾಳಿ ತಡೆಯುವ ಮೇಲಂಗಿ, ನೀರಿನ ಬಾಟಲಿ, ರಬ್ಬರ್ ತಳದ ಬೂಟು. ಉರುಟುಕಲ್ಲಿನ ದಾರಿಯಲ್ಲಿ ಸ್ಟ್ರೋಲರ್ ತಳ್ಳುವುದು ಕಷ್ಟ. ಪುಟ್ಟ ಮಕ್ಕಳನ್ನು ಬೆನ್ನಚೀಲದಲ್ಲಿ ಹೊತ್ತರೆ ಸುಲಭ.

ಅಪಾಯವಿರುವುದು ಎರಡು ಕಡೆ. ಬುರುಜುಗಳ ಹುಲ್ಲುಹಾಸು ಒಮ್ಮೆಗೇ ಕಡಿದು ಹಲವು ಮೀಟರ್ ಕೆಳಗೆ ಇಳಿಯುತ್ತದೆ, ಕಂಬಿಬೇಲಿ ಇರುವುದಿಲ್ಲ. ಸೆಲ್ಫಿಗೆ ಹಿಂದೆ ಹಿಂದೆ ಸರಿಯುವುದು ಬೇಡ. ರಾಜದ್ವಾರದ ಪಕ್ಕದ ಇಕ್ಕಟ್ಟಿನ ಜಲಸಂಧಿಯಲ್ಲಿ ಸ್ಟಾಕ್‌ಹೋಮಿಗೆ ಹೋಗುವ ಭಾರಿ ಹಡಗುಗಳು ಸಂಜೆ ಹಾದುಹೋಗುತ್ತವೆ. ಹಡಗು ಹೋದ ಮೇಲೆ, ನೀರು ಶಾಂತವಾಯಿತು ಎನ್ನುವಷ್ಟರಲ್ಲಿ ದಡಕ್ಕೆ ದೊಡ್ಡ ಅಲೆ ಬರುತ್ತದೆ. ಬಂಡೆಯ ಅಂಚಿನಲ್ಲಿ ಮಕ್ಕಳನ್ನು ಬಿಡಬೇಡಿ.

ಬೇಸಿಗೆಯಲ್ಲಿ ಎತ್ತರದ ಹುಲ್ಲಿನಲ್ಲಿ ಉಣ್ಣೆಹುಳ ಇರುತ್ತವೆ. ಕರಾವಳಿ ದ್ವೀಪಗಳಲ್ಲಿ ಅವು ಹೆಚ್ಚು, ಕಚ್ಚಿದರೆ ಬೊರೆಲಿಯೋಸಿಸ್ ಎಂಬ ಸೋಂಕು ತಗಲಬಹುದು. ಸಂಜೆ ಕೋಣೆಗೆ ಬಂದು ಮಂಡಿಯ ಹಿಂದೆ, ತೊಡೆಸಂದು, ಕಂಕುಳ ನೋಡಿಕೊಳ್ಳಿ. ಕಚ್ಚಿ ಹಿಡಿದಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿ ಪ್ರಯೋಗ ಬೇಡ.

8. ಸೌನಾ

ಸೌನಾ ಎಂದರೆ ಮರದ ಹಲಗೆಯ ಬಿಸಿಕೋಣೆ, 80 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಕಾದ ಕಲ್ಲಿನ ಮೇಲೆ ನೀರು ಹಾಕಿದಾಗ ಏಳುವ ಹಬೆಗೆ ಲ್ಯೋಲು ಎನ್ನುತ್ತಾರೆ. ಬಂದರಿನ ಪಕ್ಕದ ಅಲ್ಲಾಸ್‌ನಲ್ಲಿ ಈಜುಕೊಳವೂ ಇದೆ. ಹೆರ್ನೆಸಾರಿ ದಡದ ಲ್ಯೋಲು ಎಂಬ ಸೌನಾದಲ್ಲಿ ಗಂಡಸರು, ಹೆಂಗಸರು ಒಟ್ಟಿಗೆ ಕೂರುತ್ತಾರೆ, ಹಾಗಾಗಿ ಈಜುಡುಗೆ ಕಡ್ಡಾಯ. ನಮ್ಮವರು ಮೊದಲ ಸಲಕ್ಕೆ ಇಂಥ ಕಡೆಯೇ ಹೋದರೆ ಸಂಕೋಚ ಕಡಿಮೆ. ಕಲ್ಲಿಯೊ ಬಡಾವಣೆಯ ಕೋಟಿಹರ್ಯು 1928ರಿಂದ ಇರುವ ಸೌದೆ ಒಲೆಯ ಸೌನಾ. ಅಲ್ಲಿ ಗಂಡಸರಿಗೆ, ಹೆಂಗಸರಿಗೆ ಬೇರೆ ಕೋಣೆ, ಬಟ್ಟೆ ಇಲ್ಲದೆ ಕೂರುವುದು ರೂಢಿ.

ಮಾಡುವ ಕ್ರಮ: ಮೊದಲು ಸೋಪು ಹಾಕಿ ಮೈ ತೊಳೆಯಿರಿ. ಹಲಗೆಯ ಮೇಲೆ ಟವೆಲ್ ಹಾಸಿ ಕೂರಿ. ಕೆಳಗಿನ ಮೆಟ್ಟಿಲಿನಿಂದ ಶುರುಮಾಡಿ, ಬಿಸಿ ಮೇಲೆ ಏರುವುದರಿಂದ ಮೇಲಿನ ಹಲಗೆ ಹೊಸಬರಿಗಲ್ಲ. ಐದರಿಂದ ಹತ್ತು ನಿಮಿಷ ಸಾಕು. ನೀರು ಸುರಿಯುವ ಮುಂಚೆ ಉಳಿದವರನ್ನು ಕೇಳಿ. ಬೆಳ್ಳಿ, ಚಿನ್ನದ ಸರ, ಕಿವಿಯೋಲೆ ಬಿಚ್ಚಿಡಿ, ಲೋಹ ಕಾದು ಚರ್ಮ ಸುಡುತ್ತದೆ. ಹೊರಬಂದು ತಂಪಾಗಿ, ನೀರು ಕುಡಿದು, ಬೇಕಿದ್ದರೆ ಮತ್ತೆ ಹೋಗಿ. ಸಮುದ್ರಕ್ಕೆ ಏಣಿ ಹಿಡಿದು ನಿಧಾನವಾಗಿ ಇಳಿಯಬೇಕು, ಧುಮುಕಬಾರದು. ಹೃದಯದ ತೊಂದರೆ, ಏರುಪೇರಾಗುವ ರಕ್ತದೊತ್ತಡ ಇದ್ದವರು ಡಾಕ್ಟರನ್ನು ಕೇಳದೆ ಇಳಿಯಬೇಡಿ. ಹೊಟ್ಟೆ ತುಂಬ ಉಂಡು, ಕುಡಿದು ಹೋಗುವುದು ಯಾರಿಗೂ ಒಳ್ಳೆಯದಲ್ಲ.

9. ಊಟ, ನೀರು

ನಲ್ಲಿನೀರು ಕುಡಿಯಿರಿ. ಪೈಯಾನ್ನೆ ಸರೋವರದಿಂದ ಬಂಡೆಯೊಳಗೆ 120 ಕಿಲೋಮೀಟರ್ ಸುರಂಗದಲ್ಲಿ ಬರುವ ನೀರದು. ಬಾಟಲಿ ನೀರು ಕೊಳ್ಳುವುದು ದುಡ್ಡು ದಂಡ. ಕೊಂಡರೂ ಬಾಟಲಿ ಬಿಸಾಡಬೇಡಿ, ಬೆಲೆಯಲ್ಲಿ ಪಂತ್ತಿ ಎಂಬ ಠೇವಣಿ ಸೇರಿರುತ್ತದೆ. ಅರ್ಧ ಲೀಟರ್ ಬಾಟಲಿಗೆ 20 ಸೆಂಟು, ಒಂದು ಲೀಟರಿಗೂ ಮೇಲಿನದ್ದಕ್ಕೆ 40, ಡಬ್ಬಿಗೆ 15. ಸೂಪರ್‌ಮಾರ್ಕೆಟ್ ಬಾಗಿಲಲ್ಲಿನ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಅದನ್ನು ಕೌಂಟರಿನಲ್ಲಿ ಕೊಟ್ಟರೆ ನಿಮ್ಮ ಬಿಲ್ಲಿನಲ್ಲಿ ಅಷ್ಟು ಹಣ ಕಳೆಯುತ್ತಾರೆ.

ಹೊಟ್ಟೆಗೂ ಜೇಬಿಗೂ ಒಗ್ಗುವುದು ಮಧ್ಯಾಹ್ನದ ಲೌನಾಸ್. ವಾರದ ದಿನಗಳಲ್ಲಿ ಸುಮಾರು ಹನ್ನೊಂದರಿಂದ ಎರಡರವರೆಗೆ ಹೋಟೆಲುಗಳು ಕೊಡುವ ನಿಗದಿ ಬೆಲೆಯ ಊಟ. ಸಲಾಡು, ಬ್ರೆಡ್ಡು, ಕಾಫಿ ಹಲವೆಡೆ ಅದರಲ್ಲೇ ಸೇರಿರುತ್ತದೆ. ಅದೇ ಹೋಟೆಲಿನಲ್ಲಿ ರಾತ್ರಿ ಕೂತರೆ ಎರಡು ಪಟ್ಟು ಬಿಲ್ಲು. ಮಧ್ಯಾಹ್ನ ಗಟ್ಟಿ ಊಟ, ರಾತ್ರಿ ಸೂಪರ್‌ಮಾರ್ಕೆಟ್ ತಿಂಡಿ ಎಂಬ ಲೆಕ್ಕ ಇಟ್ಟುಕೊಳ್ಳಿ.

ಸಸ್ಯಾಹಾರಿಗಳು ಪೊಟ್ಟಣದ ಮೇಲೆ ನೋಡಬೇಕಾದ ಪದಗಳು: ಲಿಹಾ ಮಾಂಸ, ಕಾನಾ ಕೋಳಿ, ಕಾಲಾ ಮೀನು, ನೌತಾ ದನ, ಪೊಸ್ಸು ಅಥವಾ ಸಿಕಾ ಹಂದಿ, ಕಿಂಕ್ಕು ಹಂದಿಯ ಹ್ಯಾಮ್, ಮುನಾ ಮೊಟ್ಟೆ, ಮೈತೊ ಹಾಲು. ಕಸ್ವಿಸ್ ಎಂದರೆ ಸಸ್ಯಾಹಾರ. ಲೀವಾತೆ ಎಂದರೆ ಜೆಲಟಿನ್, ಮಿಠಾಯಿ ಮತ್ತು ಪುಡ್ಡಿಂಗಿನಲ್ಲಿ ಅವಿತಿರುತ್ತದೆ. ಮೆನುವಿನಲ್ಲಿ ಎಲ್ ಅಕ್ಷರ ಕಂಡರೆ ಲ್ಯಾಕ್ಟೋಸ್ ಇಲ್ಲ, ವಿಎಲ್ ಎಂದರೆ ಲ್ಯಾಕ್ಟೋಸ್ ಕಡಿಮೆ, ಎಂ ಎಂದರೆ ಹಾಲಿಲ್ಲ, ಜಿ ಎಂದರೆ ಗ್ಲೂಟನ್ ಇಲ್ಲ. ವಿಎಲ್ ಅನ್ನು ವೀಗನ್ ಎಂದು ಓದಿ ಮೋಸಹೋಗುವವರು ಬಹಳ.

ಕರ್ಯಾಲನ್‌ಪೀರಕ್ಕಾ ಎಂಬ ತಿಂಡಿಯಲ್ಲಿ ತೆಳುವಾದ ರೈ ಹಿಟ್ಟಿನ ಹೊದಿಕೆ, ಒಳಗೆ ಹಾಲಲ್ಲಿ ಬೆಂದ ಸಪ್ಪೆ ಅನ್ನದ ಹೂರಣ. ಮೊಟ್ಟೆ ಬೆಣ್ಣೆ ಹಚ್ಚಬೇಡಿ ಎಂದು ಮೊದಲೇ ಹೇಳಿ. ಉಪ್ಪಿನಕಾಯಿ ಜೊತೆ ಚೆನ್ನಾಗಿ ಹೋಗುತ್ತದೆ. ಮಜ್ಜಿಗೆ ಬೇಕೆನಿಸಿದರೆ ಪೀಮಾ ಎಂಬ ಪೊಟ್ಟಣ ಕೊಂಡು ನೀರು, ಉಪ್ಪು ಸೇರಿಸಿ. ಅಕ್ಕಿ, ಬೇಳೆ, ಮಸಾಲೆ ಸಾಮಾನು ಹಕನಿಯೆಮಿ ಮೆಟ್ರೋ ನಿಲ್ದಾಣದ ಸುತ್ತಲಿನ ಏಷ್ಯನ್ ಅಂಗಡಿಗಳಲ್ಲಿ ಸಿಗುತ್ತದೆ.

ವೈನು, ವಿಸ್ಕಿಯಂಥವು ಸರ್ಕಾರಿ ಅಲ್ಕೊ ಅಂಗಡಿಯಲ್ಲಿ ಮಾತ್ರ. ಸೂಪರ್‌ಮಾರ್ಕೆಟಿನಲ್ಲಿ ಬಿಯರ್ ಇದ್ದರೂ ರಾತ್ರಿ ಒಂಬತ್ತರ ಮೇಲೆ ಕೊಡುವುದಿಲ್ಲ.

10. ಮೂರನೇ ದಿನ: ಹೊರಗೆ

ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್ ಸಮುದ್ರದಾಚೆ ಸುಮಾರು 80 ಕಿಲೋಮೀಟರ್, ಹಡಗಿನಲ್ಲಿ ಎರಡು ಗಂಟೆಯ ದಾರಿ. ಅದೂ ಷೆಂಗೆನ್ ದೇಶವೇ, ಬೇರೆ ವೀಸಾ ಬೇಡ, ಆದರೆ ಪಾಸ್‌ಪೋರ್ಟ್ ಒಯ್ಯಲೇಬೇಕು. ಕಂಪನಿಗೊಂದು ಬಂದರು: ವೈಕಿಂಗ್ ಲೈನ್ ಕಟಯನೊಕ್ಕದಿಂದ, ಟ್ಯಾಲಿಂಕ್ ಪಶ್ಚಿಮ ಬಂದರಿನಿಂದ. ಟಿಕೆಟಿನಲ್ಲಿ ಟರ್ಮಿನಲ್ ಹೆಸರು ನೋಡಿ ಒಂದು ಗಂಟೆ ಮುಂಚೆ ತಲುಪಿ, ಹೊರಡುವ ಹೊತ್ತಿಗೆ ಬಹಳ ಮೊದಲೇ ಚೆಕ್‌ಇನ್ ಮುಚ್ಚುತ್ತದೆ.

ಊರ ಗದ್ದಲ ಸಾಕೆನಿಸಿದರೆ ಸೆವುರಸಾರಿ ದ್ವೀಪಕ್ಕೆ ಬಸ್ಸಿದೆ. ದೇಶದ ಬೇರೆಬೇರೆ ಕಡೆಯ ಹಳೆಯ ಮರದ ಮನೆಗಳನ್ನು ತಂದು ನಿಲ್ಲಿಸಿದ ಬಯಲು ಮ್ಯೂಸಿಯಂ ಅದು, 1909ರದ್ದು. ಮನೆಗಳ ಒಳಗೆ ಬಿಡುವುದು ಬೇಸಿಗೆಯಲ್ಲಿ ಮಾತ್ರ, ದ್ವೀಪದಲ್ಲಿ ಅಡ್ಡಾಡಲು ಯಾವಾಗಲೂ ಅಡ್ಡಿಯಿಲ್ಲ. ಕಾಡೇ ಬೇಕೆಂದರೆ ನೂಕ್ಸಿಯೊ ರಾಷ್ಟ್ರೀಯ ಉದ್ಯಾನ, ರೈಲು ಮತ್ತು ಬಸ್ಸು ಸೇರಿ ಒಂದೂವರೆ ಗಂಟೆ, ಎಬಿಸಿ ಟಿಕೆಟ್. ಜುಲೈ, ಆಗಸ್ಟಿನಲ್ಲಿ ಅಲ್ಲಿನ ನೀಲಿ ಕಾಡುಹಣ್ಣನ್ನು ಯಾರು ಬೇಕಾದರೂ ಕಿತ್ತು ತಿನ್ನಬಹುದು. ಗುರುತು ಸಿಗದ ಅಣಬೆಗೆ ಮಾತ್ರ ಕೈಹಾಕಬೇಡಿ.

11. ಚಳಿಗಾಲದವರಿಗೆ, ಕಾಯಿಲೆಗೆ

ಒಂದೇ ದಪ್ಪ ಕೋಟಿಗಿಂತ ಮೂರು ಪದರ ಮೇಲು: ಮೈಗಂಟುವ ಉಣ್ಣೆಯ ಒಳಅಂಗಿ, ಸ್ವೆಟರು, ಗಾಳಿ ತಡೆಯುವ ಹೊರಅಂಗಿ. ಒಳಗೆಲ್ಲ ಬೆಚ್ಚಗೆ ಇರುವುದರಿಂದ ಮತ್ತೆ ಮತ್ತೆ ಬಿಚ್ಚಿ ತೊಡಬೇಕಾಗುತ್ತದೆ. ಬೀಳುವವರು ಹಿಮದಲ್ಲಿ ಬೀಳುವುದಿಲ್ಲ, ಕರಗಿ ಮತ್ತೆ ಹೆಪ್ಪುಗಟ್ಟಿದ ಗಾಜಿನಂಥ ಪದರದ ಮೇಲೆ ಬೀಳುತ್ತಾರೆ. ಬೂಟಿಗೆ ಸಿಕ್ಕಿಸುವ ಮುಳ್ಳುಪಟ್ಟಿ ಸೂಪರ್‌ಮಾರ್ಕೆಟಿನಲ್ಲೇ ಸಿಗುತ್ತದೆ, ಮೊದಲ ದಿನವೇ ಕೊಳ್ಳಿ. ಫುಟ್‌ಪಾತಿಗೆ ಅಡ್ಡ ಕಟ್ಟಿದ್ದರೆ ಚಾವಣಿಯ ಹಿಮ ಕೆಡವುತ್ತಿದ್ದಾರೆ ಎಂದರ್ಥ, ಸುತ್ತಿ ಹೋಗಿ. ಹೆಪ್ಪುಗಟ್ಟಿದ ಸಮುದ್ರದ ಮೇಲೆ ಹೆಜ್ಜೆಗುರುತು ಕಂಡಿತೆಂದು ನೀವೂ ಇಳಿಯಬೇಡಿ.

ಪ್ಯಾರಾಸಿಟಮಾಲ್ ಕೂಡ ಸೂಪರ್‌ಮಾರ್ಕೆಟಿನಲ್ಲಿ ಇರುವುದಿಲ್ಲ, ಅಪ್ತೇಕ್ಕಿ ಎಂಬ ಔಷಧಾಲಯಕ್ಕೇ ಹೋಗಬೇಕು. ದಿನನಿತ್ಯದ ಮಾತ್ರೆಗಳನ್ನು ಊರಿನಿಂದಲೇ, ಡಾಕ್ಟರ್ ಚೀಟಿಯ ಜೊತೆ ಒಯ್ಯಿರಿ. ತುರ್ತಿಗೆ 112, ತುರ್ತಲ್ಲದ ವೈದ್ಯಕೀಯ ಸಲಹೆಗೆ 116 117.

12. ವಾಪಸಾತಿ

ಒಂದೇ ಅಂಗಡಿಯಲ್ಲಿ 40 ಯೂರೋ ಮೇಲೆ ಕೊಂಡರೆ ತೆರಿಗೆ ವಾಪಸಾತಿಯ ಚೀಟಿ ಕೇಳಬಹುದು. ಆ ಸಾಮಾನು ಬಳಸದೆ, ಪೊಟ್ಟಣ ಬಿಚ್ಚದೆ ಇರಬೇಕು, ಸೂಟ್‌ಕೇಸ್ ಒಪ್ಪಿಸುವ ಮುಂಚೆ ತೋರಿಸಲು ಸಿಗುವಂತಿರಬೇಕು. ಊರಿಗೆ ಹಂಚಲು ಸಲ್ಮಿಯಾಕ್ಕಿ ಮಿಠಾಯಿ ಕಿಲೋಗಟ್ಟಲೆ ಕೊಳ್ಳಬೇಡಿ. ಉಪ್ಪುಪ್ಪಾದ ಜ್ಯೇಷ್ಠಮಧು ಅದು, ನೂರಕ್ಕೆ ತೊಂಬತ್ತು ಮಂದಿ ಮೊದಲ ತುಂಡಿಗೇ ಉಗಿಯುತ್ತಾರೆ. ಚಾಕೊಲೇಟು ಕ್ಷೇಮ.

ವಿಮಾನ ನಿಲ್ದಾಣಕ್ಕೆ ಮತ್ತೆ ಎಬಿಸಿ. ಕೈಯಲ್ಲಿ ಎಬಿ ದಿನದ ಟಿಕೆಟ್ ಇನ್ನೂ ಬಾಕಿ ಇದ್ದರೆ ಪೂರ್ತಿ ಹೊಸದು ಬೇಡ, ಆಪ್‌ನಲ್ಲಿ ಹೆಚ್ಚುವರಿ ವಲಯದ ಟಿಕೆಟ್ ಸಾಕು. ಭಾರತಕ್ಕೋ ಕೊಲ್ಲಿಗೋ ನೇರ ಹೊರಡುವ ವಿಮಾನಗಳ ಗೇಟಿಗೆ ಹೋಗುವ ದಾರಿಯಲ್ಲಿ ಭದ್ರತಾ ತಪಾಸಣೆಯ ಆಚೆ ಪಾಸ್‌ಪೋರ್ಟ್ ತಪಾಸಣೆಯ ಇನ್ನೊಂದು ಸಾಲು ಇರುತ್ತದೆ. ಅಂಗಡಿಗಳಲ್ಲಿ ಹೊತ್ತು ಕಳೆಯುವುದೇ ಆದರೆ ಆ ಸಾಲು ದಾಟಿದ ಮೇಲೆ ಕಳೆಯಿರಿ.